ಸ್ಟೋರ್ಸ್ ಭಾವ

ಡಾಕ್ಟರು, ಮೇಷ್ಟ್ರು, ವಕೀಲರು, ಬ್ಯಾಂಕಿನವರು, ಇವರಿಗೆಲ್ಲ ಮದುವೆಮನೆಯಲ್ಲಿ ಒಂದು ಸುಖವಿದೆ. ಪಂಕ್ತಿಯಲ್ಲಿ ಪಕ್ಕದ ಎಲೆಯವರು "ತಾವು ಏನ್ ಮಾಡ್ಕೊಂಡಿದೀರಿ?" ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಮುಗಿಸಿ ಹೋಳಿಗೆಯ ಕಡೆ ತಿರುಗಬಹುದು. ನನ್ನ ಭಾವನಿಗೆ ಮಾತ್ರ ಇಡೀ ಸರ್ವೀಸಿನಲ್ಲಿ ಆ ಸುಖ ದಕ್ಕಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಸ್ಟೋರ್ಸ್‌ನಲ್ಲಿದೀನಿ" ಎನ್ನುತ್ತಿದ್ದರು, "ಯಾವ ಸ್ಟೋರ್ಸು, ಗಾಂಧಿಬಜಾರಿಂದೋ ಮಲ್ಲೇಶ್ವರದ್ದೋ?" ಎಂಬ ಮರುಪ್ರಶ್ನೆ ಬರುತ್ತಿತ್ತು. ಕೆಲವು ವರ್ಷ ಕಳೆದು ಬಾಗಿಲ ಮೇಲಿನ ಬೋರ್ಡು "ಮೆಟೀರಿಯಲ್ಸ್" ಎಂದು ಬದಲಾಯಿತು. ಬಟ್ಟೆ ವ್ಯಾಪಾರ ಎಂದುಕೊಂಡು ರೇಷ್ಮೆ ಸೀರೆಗೆ ಡಿಸ್ಕೌಂಟ್ ಕೇಳಿದವರಿದ್ದಾರೆ. "ಲಾಜಿಸ್ಟಿಕ್ಸ್" ಆದ ಕಾಲದಲ್ಲಿ "ಓಹೋ, ಎಷ್ಟು ಲಾರಿ ಇಟ್ಟಿದೀರಿ?" ಎಂದರು. ಕೊನೆಗೆ "ಸಪ್ಲೈ ಚೈನ್" ಬಂತು. ಒಬ್ಬ ಹಿರಿಯರು ಭಾವನ ಕುತ್ತಿಗೆಯನ್ನೇ ನೋಡುತ್ತಾ ಆವತ್ತಿನ ಚಿನ್ನದ ರೇಟು ವಿಚಾರಿಸಿದರು.

ನಮ್ಮಜ್ಜಿಯ ತಿಳಿವಳಿಕೆಯೂ ಇದೇ ದರ್ಜೆಯದು. ಅಕ್ಕನಿಗೆ ಈ ಸಂಬಂಧ ಬಂದಾಗ ಹುಡುಗ ಸ್ಟೋರ್ಸಿನಲ್ಲಿದ್ದಾನೆ ಎಂದು ಕೇಳಿ, "ಸದ್ಯ, ಬೇಳೆ ಬೆಲ್ಲಕ್ಕೆ ಯೋಚನೆ ಇಲ್ಲ" ಎಂದು ಅಲ್ಲೇ ಒಪ್ಪಿಗೆ ಕೊಟ್ಟುಬಿಟ್ಟರು. ಅಲ್ಲಿರುವುದು ಬೇರಿಂಗು, ಬೋಲ್ಟು, ಗ್ರೀಸು ಎಂದು ಅವರಿಗೆ ಮನದಟ್ಟಾಗುವ ಹೊತ್ತಿಗೆ ಮರಿಮೊಮ್ಮಗನ ನಾಮಕರಣ ಮುಗಿದಿತ್ತು.

ಭಾವ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 1983ರಲ್ಲಿ ಪೀಣ್ಯದ ಒಂದು ಕಾರ್ಖಾನೆ ಸೇರಿದರು. ಕಾರ್ಖಾನೆಯ ಹೆಸರು ಬೇಡ. ಪಂಪು ಮಾಡುವ ಕಾರ್ಖಾನೆ ಎಂದರೆ ಸಾಕು. ಬೆಂಗಳೂರಿನ ಆ ದಿಕ್ಕೆಲ್ಲ ಆಗ ಸೈರನ್ನಿನ ಮೇಲೆ ನಡೆಯುತ್ತಿತ್ತು. ಜಾಲಹಳ್ಳಿಯಲ್ಲಿ 1953ರ ಎಚ್.ಎಂ.ಟಿ., ಹತ್ತಿರದಲ್ಲೇ 1954ರ ಬಿ.ಇ.ಎಲ್., ಇಂಥ ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ಶೆಡ್ಡುಗಳು ಪೀಣ್ಯದ ಉದ್ದಕ್ಕೂ. ಬೆಳಗಿನ ಪಾಳಿಗೆ ಬಿ.ಟಿ.ಎಸ್. ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಅವತ್ತಿನ ಅರ್ಧ ಕೆಲಸ ಮುಗಿದ ಲೆಕ್ಕ. ಲೇತಿನ ಮೇಲೆ ಕೆಲಸ ಮಾಡುವ ಆಸೆಯಿಂದ ಹೋದ ಭಾವನನ್ನು "ಸದ್ಯಕ್ಕೆ ಆರು ತಿಂಗಳು" ಎಂದು ಸ್ಟೋರ್ಸಿಗೆ ಹಾಕಿದರು. ಆ ಆರು ತಿಂಗಳು 2021ರಲ್ಲಿ ಮುಗಿಯಿತು.

ಕಾರ್ಖಾನೆಯಲ್ಲಿ ಸ್ಟೋರ್ಸಿನವನ ಪಾಡು ವಿಚಿತ್ರ. ಪ್ರೊಡಕ್ಷನ್ನಿನವರು ಟಾರ್ಗೆಟ್ ಮುಟ್ಟಿದರೆ ಅವರಿಗೆ ಹಾರ ಬೀಳುತ್ತದೆ. ಸೇಲ್ಸಿನವರಿಗೆ ಇನ್ಸೆಂಟಿವ್ ಬರುತ್ತದೆ. ಸ್ಟೋರ್ಸಿನವನನ್ನು ಯಾರಾದರೂ ನೆನೆಯುವುದು ಸಾಮಾನು ಸಿಗದ ದಿನ ಮಾತ್ರ. ಇವರ ಕೆಲಸ ಸರಿಯಾಗಿ ನಡೆದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ತಪ್ಪಿದ್ದಕ್ಕೆ ಇಡೀ ಕಾರ್ಖಾನೆ ಸಾಕ್ಷಿ.

ಭಾವ ಸೇರಿದಾಗ ಅಲ್ಲಿ ಯಜಮಾನರೆಂದು ಕರೆಸಿಕೊಳ್ಳುವ ಹಳೆಯ ಸ್ಟೋರ್‌ಕೀಪರ್ ಒಬ್ಬರಿದ್ದರು. ಪ್ರತಿ ಖಾನೆಗೂ ಒಂದು ರಟ್ಟಿನ ಬಿನ್ ಕಾರ್ಡು ನೇತಾಡುತ್ತಿತ್ತು. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಅದರಲ್ಲಿ ಬರೆಯಬೇಕು. ಯಜಮಾನರು ಬರೆಯುತ್ತಿರಲಿಲ್ಲ. ಬರೆದರೆ ಯಾರು ಬೇಕಾದರೂ ಓದಿಬಿಡುತ್ತಾರಲ್ಲ, ಆಮೇಲೆ ಇವರನ್ನು ಕೇಳುವವರು ಯಾರು? "ಆರನೇ ರ‍್ಯಾಕು, ಮೇಲಿಂದ ಮೂರನೇ ಖಾನೆ, ಹಳದಿ ಡಬ್ಬದ ಹಿಂದೆ ನೋಡೋ" ಎಂದು ಕೂತಲ್ಲಿಂದಲೇ ಹೇಳುತ್ತಿದ್ದರಂತೆ, ಹೇಳಿದ್ದು ಹೇಳಿದಲ್ಲೇ ಇರುತ್ತಿತ್ತಂತೆ. ಅವರು ತಿರುಪತಿಗೆ ಹೋದ ವಾರ ಅಸೆಂಬ್ಲಿ ಶಾಪು ಅರ್ಧಕ್ಕೆ ನಿಂತಿತು. ಎಲ್ಲರೂ ಹುಡುಕಿ ಸುಸ್ತಾದ ಬೇರಿಂಗು ಕೊನೆಗೆ ಅವರ ಮೇಜಿನ ಡ್ರಾಯರಿನಲ್ಲೇ ಸಿಕ್ಕಿತು. ವಾಪಸು ಬಂದ ಯಜಮಾನರು ಎಲ್ಲರಿಗೂ ಲಾಡು ಹಂಚಿ, ಬೇರಿಂಗಿನ ವಿಷಯ ಎತ್ತಿದವರಿಗೆ ಇನ್ನೊಂದು ಲಾಡು ಕೊಟ್ಟರು.

ಭಾವನ ಉದ್ಯೋಗವನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಪ್ರಶ್ನೆ: ಎಲ್ಲಿದೆ? ಅದರ ಬೆನ್ನಿಗೇ ಇನ್ನೊಂದು ಅಂಟಿಕೊಂಡಿರುತ್ತದೆ: ತಪ್ಪು ಯಾರದು? ಅವರ ಮೂವತ್ತೆಂಟು ವರ್ಷದಲ್ಲಿ ಬಂದ ಪ್ರತಿ ಹೊಸ ಯಂತ್ರವೂ ಮೊದಲನೆಯದನ್ನು ಬಗೆಹರಿಸುತ್ತೇನೆಂದು ಬಂದಿತು, ಎರಡನೆಯದರ ಉತ್ತರವನ್ನು ಬದಲಾಯಿಸಿತು. ಇದು ನನ್ನ ಸಂಶಯ. ಭಾವನೆದುರು ಹೇಳಿದರೆ "ನೀನು ಕೂತು ಬರೆಯೋನು, ನಿನಗೇನಯ್ಯ ಗೊತ್ತು" ಎನ್ನುತ್ತಾರೆ. ಆದರೆ ಅಲ್ಲವೆಂದು ಮಾತ್ರ ಹೇಳುವುದಿಲ್ಲ.

ಯಜಮಾನರು ನಿವೃತ್ತರಾದ ಮೇಲೆ ಕಾರ್ಖಾನೆಗೆ ಶಾಸ್ತ್ರೀಯ ಪದ್ಧತಿ ಬಂತು. ಭಾವನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಅವರಿಗೆ ಎಬಿಸಿ ಅನಾಲಿಸಿಸ್ ಎಂಬ ಮಂತ್ರೋಪದೇಶವಾಯಿತು. ಸ್ಟೋರ್ಸಿನಲ್ಲಿರುವ ಸಾಮಾನಿನಲ್ಲಿ ಕೆಲವೇ ಕೆಲವು ಬಾಬ್ತುಗಳು ಹೆಚ್ಚಿನ ಹಣ ತಿನ್ನುತ್ತವೆ, ಅವು ಎ; ನಡುವಿನವು ಬಿ; ಸಂಖ್ಯೆಯಲ್ಲಿ ಹೆಚ್ಚು, ಬೆಲೆಯಲ್ಲಿ ಕಡಿಮೆ ಇರುವ ನಟ್ಟು, ಬೋಲ್ಟು, ವಾಷರುಗಳು ಸಿ. ಎ ಮೇಲೆ ಕಣ್ಣಿಡು, ಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಎಂಬವರು 1951ರಲ್ಲಿ ಇದನ್ನು ಬರೆದು ಪ್ರಚಾರ ಮಾಡಿದರು. ಒಂದು ಸಲಕ್ಕೆ ಎಷ್ಟು ಕೊಳ್ಳಬೇಕು ಎನ್ನುವುದಕ್ಕೆ ಅದಕ್ಕೂ ಹಳೆಯ ಸೂತ್ರವಿದೆ. ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ವರ್ಗಮೂಲ ಹಾಕಿ ತೋರಿಸಿದ್ದರು. ಹೊಸ ವಿದ್ಯೆ ಕಲಿತವನು ಅದನ್ನು ಮೊದಲು ಪ್ರಯೋಗಿಸುವುದು ಮನೆಯ ಮೇಲೆ ತಾನೆ? ಭಾವ ಒಂದು ಭಾನುವಾರ ಅಡುಗೆಮನೆಯ ಡಬ್ಬಗಳಿಗೆಲ್ಲ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸಿದರು. ಕೇಸರಿ, ಏಲಕ್ಕಿ, ಗೋಡಂಬಿ, ತುಪ್ಪ ಎ ದರ್ಜೆ. ಬೇಳೆಗಳು ಬಿ. ಉಪ್ಪು, ಸಾಸಿವೆ, ಅರಿಶಿನ ಸಿ.

ಅಕ್ಕ ಏನೂ ಅನ್ನಲಿಲ್ಲ. ಮಧ್ಯಾಹ್ನ ಎಲೆ ಹಾಕಿ ಬಡಿಸಿದಳು. ಸಾರಿಗೆ ಉಪ್ಪಿರಲಿಲ್ಲ, ಪಲ್ಯಕ್ಕೂ ಇರಲಿಲ್ಲ.

"ಏನೇ ಇದು?"

"ಸಿ ದರ್ಜೆಯದು ತಾನೆ, ತಲೆ ಕೆಡಿಸ್ಕೋಬೇಡಿ ಊಟ ಮಾಡಿ."

ಭಾವ ಸೋಲೊಪ್ಪುವವರಲ್ಲ. ಬೆಲೆಯನ್ನು ನೋಡದೆ, ಆ ಸಾಮಾನು ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡುವ ಇನ್ನೊಂದು ವಿಂಗಡಣೆಯೂ ಇದೆ, ಅದರಲ್ಲಿ ಉಪ್ಪು 'ವೈಟಲ್' ಆಗುತ್ತದೆ, ವಿ.ಇ.ಡಿ. ಅಂತ ಅದಕ್ಕೆ ಹೆಸರು, ಎಂದು ವಿವರಿಸಲು ಹೊರಟರು. ಅಕ್ಕ ಆ ಹೊತ್ತಿಗೆ ಚೀಟಿಗಳನ್ನು ನೀರು ಹಾಕಿ ನೆನೆಸುತ್ತಿದ್ದಳು. ಆದರೆ ಪಾಠ ಕಾರ್ಖಾನೆಯಲ್ಲಿ ಉಪಯೋಗಕ್ಕೆ ಬಂತು. ಎರಡು ರೂಪಾಯಿಯ ಸರ್ಕ್ಲಿಪ್ ಇಲ್ಲದೆ ಲಕ್ಷದ ಪಂಪು ನಿಂತಿರುವುದನ್ನು ಅವರು ಆಮೇಲೆ ಬೇಕಾದಷ್ಟು ಸಲ ನೋಡಿದರು. ಅಂಥ ದಿನಗಳಲ್ಲಿ ಮ್ಯಾನೇಜರು ಎಬಿಸಿ ಎಂದು ಬೈದರೆ ಇವರು ವಿ.ಇ.ಡಿ. ಎಂದು ಉತ್ತರ ಕೊಟ್ಟು ಬಚಾವಾಗುತ್ತಿದ್ದರು.

ಸಾಮಾನು ಒಳಗಿದ್ದರೆ ಹುಡುಕಿಯಾದರೂ ಸಿಗುತ್ತದೆ. ದಾರಿಯಲ್ಲಿದ್ದರೆ? ಬೆಳಗಾವಿಯ ಫೌಂಡ್ರಿಗಳಿಂದ ಕಾಸ್ಟಿಂಗ್ ಬರಬೇಕು. ಅಲ್ಲಿಂದ ಹೊರಟಿದೆ ಎಂದು ಟ್ರಂಕ್ ಕಾಲಿನಲ್ಲಿ ಹೇಳಿರುತ್ತಾರೆ, ಇಲ್ಲಿಗೆ ಬಂದಿರುವುದಿಲ್ಲ. ನಡುವಿನ ಐನೂರು ಕಿಲೋಮೀಟರಿನಲ್ಲಿ ಎಲ್ಲಿದೆ ಎಂಬುದು ಚಾಲಕನಿಗೂ ದೇವರಿಗೂ ಮಾತ್ರ ಗೊತ್ತು. ಆ ಕಾಲದಲ್ಲಿ ಇದಕ್ಕೆಂದೇ ಒಂದು ಹುದ್ದೆಯಿತ್ತು, ಚೇಸಿಂಗ್. ಹಾಗೆಂದರೆ ಸಾಮಾನಿನ ಹಿಂದೆ ಓಡುವುದು. ಭಾವ ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಎಲ್.ಆರ್. ಎಂಬ ಲಾರಿ ರಸೀದಿಯ ನಂಬರು ಹಿಡಿದುಕೊಂಡು ಅಲೆದರು, ಗೂಡ್ಸ್ ಶೆಡ್ಡಿನಲ್ಲಿ 'ಡ್ಯಾಮರೇಜು' ತೆತ್ತು ಬೈಸಿಕೊಂಡರು. ಅರ್ಜೆಂಟಾದರೆ ಬೆಳಗಾವಿಗೇ ಹೋಗಿ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಕಾಸ್ಟಿಂಗಿನ ಜೊತೆಗೇ ಬರುತ್ತಿದ್ದರು. ದಾವಣಗೆರೆಯ ಹತ್ತಿರದ ಢಾಬಾಗಳ ರೊಟ್ಟಿಯ ಬಗ್ಗೆ ಅವರಿಗಿರುವ ಜ್ಞಾನ ಈ ಕಾಲದ್ದು. ಮಂಗಳೂರಿನ ಬಂದರಿನ ಕಡೆಯಿಂದ ಬರುವುದಾದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕೈಕೊಡುತ್ತಿತ್ತು. "ಗುಡ್ಡ ಕುಸಿದಿದೆ" ಎಂಬ ಕಾರಣಕ್ಕೆ ಮಾತ್ರ ಪ್ರೊಡಕ್ಷನ್ ಮ್ಯಾನೇಜರು ಎದುರಾಡುತ್ತಿರಲಿಲ್ಲ. ಆದ್ದರಿಂದ ಆ ಗುಡ್ಡ ನಿಜವಾಗಿ ಕುಸಿದದ್ದಕ್ಕಿಂತ ಹೆಚ್ಚು ಸಲ ನಮ್ಮ ಭಾವನ ಬಾಯಲ್ಲಿ ಕುಸಿದಿದೆ.

ಲಾರಿಯೆಂದಾಗ ಒಂದು ಅಡ್ಡಮಾತು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ವಿ.ಆರ್.ಎಲ್. ಆಮೇಲೆ ಎಷ್ಟು ಬೆಳೆಯಿತು ಎಂಬುದನ್ನು ಕನ್ನಡ ಓದುವವರಿಗೆ ಹೇಳಬೇಕಾಗಿಲ್ಲ. ಅವರು ಪತ್ರಿಕೆಯನ್ನೂ ತಂದರು. ಸುದ್ದಿಯೂ ಒಂದು ಸರಕು, ಅದೂ ಬೆಳಕು ಹರಿಯುವುದರೊಳಗೆ ತಲುಪದಿದ್ದರೆ ಕೆಡುವ ಸರಕು ಎಂಬುದು ಲಾರಿಯವರಿಗೆ ಹೊಳೆದಷ್ಟು ಬೇಗ ಸಂಪಾದಕರಿಗೆ ಹೊಳೆಯುವುದಿಲ್ಲ. ಹಳಿಯ ಮೇಲೂ ಒಂದು ತಮಾಷೆ ಇದೆ. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುತ್ತಿದ್ದಾರೆ, ಸುರತ್ಕಲ್ಲಿಗೂ ಆ ರೈಲು ಬರುತ್ತದೆ. ಚಾಲಕ ತನ್ನ ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗಿ ಕೊಂಕಣವನ್ನು ದಾಟುತ್ತಾನೆ. ಭಾವನ ಪ್ರಕಾರ ಸಾಗಣೆ ಉದ್ಯಮದಲ್ಲಿ ಚಾಲಕನ ನಿದ್ದೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಏಕೈಕ ಏರ್ಪಾಟು ಅದು.

ರಸ್ತೆಯಲ್ಲಿ ಹೋಗುವ ಲಾರಿ ಕಾಗದವಿಲ್ಲದೆ ಹೋಗುವಂತಿಲ್ಲ. ಊರು ಹೊಗುವಾಗಿನ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲೇ ಹೋಗಿತ್ತು. ಚೆಕ್‌ಪೋಸ್ಟುಗಳು ಉಳಿದಿದ್ದವು. ಡೆಲಿವರಿ ನೋಟಿನ ಯಾವ ಪ್ರತಿಯ ಮೇಲೆ ಯಾವ ಬಣ್ಣದ ಸೀಲು ಬೇಕು ಎಂಬುದು ಚೆಕ್‌ಪೋಸ್ಟಿನಿಂದ ಚೆಕ್‌ಪೋಸ್ಟಿಗೆ ಬದಲಾಗುತ್ತಿತ್ತು, ಚಾಲಕನ ಜೇಬು ಎಲ್ಲ ಕಡೆಯೂ ಒಂದೇ ಆಗಿತ್ತು. ಆಮೇಲೆ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ತಂದು ಕಾಗದವನ್ನು ಕಂಪ್ಯೂಟರಿಗೆ ಏರಿಸಿತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ಚೆಕ್‌ಪೋಸ್ಟುಗಳೇ ಹೋದವು. 2018ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಇ-ವೇ ಬಿಲ್ ಬಂತು. ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಒಂದು ನಂಬರು, ನಂಬರಿಗೊಂದು ಆಯುಷ್ಯ. ಮೊದಲು ನೂರು ಕಿಲೋಮೀಟರಿಗೆ ಒಂದು ದಿನ ಕೊಡುತ್ತಿದ್ದರು, 2021ರಿಂದ ಇನ್ನೂರು ಕಿಲೋಮೀಟರಿಗೆ ಒಂದು ದಿನ. ರಸ್ತೆ ಸುಧಾರಿಸಿದೆ ಎಂದು ಸರ್ಕಾರವೇ ಲೆಕ್ಕ ಹಾಕಿ ಒಪ್ಪಿಕೊಂಡ ಹಾಗಾಯಿತು. ತಪ್ಪು ಯಾರದು ಎಂಬ ಪ್ರಶ್ನೆಗೆ ಹಿಂದೆ ಚೆಕ್‌ಪೋಸ್ಟ್ ಎನ್ನುತ್ತಿದ್ದವರು ಈಗ ಸರ್ವರ್ ಎನ್ನತೊಡಗಿದರು. ಸರ್ವರ್ ಬೈದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಮೂಲೂ ಕೇಳುವುದಿಲ್ಲ. ಇಷ್ಟು ಮಟ್ಟಿಗೆ ಅದು ಪ್ರಗತಿ.

ಮಾತು ಮುಂದಕ್ಕೆ ಓಡಿತು. ಕಾರ್ಖಾನೆಗೆ ಕಂಪ್ಯೂಟರ್ ಬಂದ ಕತೆ ಹೇಳಲೇಬೇಕು. ಎಂಬತ್ತರ ದಶಕದ ಕೊನೆಗೆ ಅಲ್ಲಿ ಇ.ಡಿ.ಪಿ. ಎಂಬ ಗಾಜಿನ ಕೋಣೆ ಎದ್ದಿತು. ಇಡೀ ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ಎಂ.ಡಿ.ಗೂ ಅದಕ್ಕೂ ಮಾತ್ರ. ಒಳಗೆ ಹೋಗಬೇಕಾದರೆ ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು, ಜೋರಾಗಿ ಮಾತಾಡಬಾರದು, ಮುಟ್ಟಬಾರದು. ಪ್ರಸಾದವೆಂದರೆ ಸೋಮವಾರ ಬೆಳಿಗ್ಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರಿಚುತ್ತಾ ಹೊರಹಾಕುವ ಅಗಲವಾದ ಮಡಿಕೆ ಕಾಗದದ ದಿಂಡು. ಅದರಲ್ಲಿ ಹೋದ ವಾರದ ಸ್ಟಾಕು ಇರುತ್ತಿತ್ತು. ಈ ವಾರದ್ದು ಯಾರಿಗೂ ಗೊತ್ತಿರಲಿಲ್ಲ. "ಕಂಪ್ಯೂಟರ್ ಪ್ರಕಾರ ಇದೆ" ಎಂಬ ಹೊಸ ಮಾತು ಹುಟ್ಟಿತು. ಖಾನೆ ಬರಿದಾಗಿ ಕಣ್ಣಿಗೆ ಕಾಣುತ್ತಿದೆ, ಕಾಗದದಲ್ಲಿ ನಲವತ್ತು ಇದೆ. ಯಾರು ಹೇಳಿದ್ದು ಸರಿ? ಭಾವ ಹೇಳುವಂತೆ, ಖಾಲಿ ಖಾನೆಯನ್ನು ತೋರಿಸಿದರೂ ಆಡಿಟರು ಕಾಗದವನ್ನೇ ನಂಬಿದ. ತಮಾಷೆಯೆಂದರೆ ಅಲ್ಲಿಯವರೆಗೆ ಸ್ಟೋರ್‌ಕೀಪರನದಾಗಿದ್ದ ತಪ್ಪು ಒಂದಷ್ಟು ವರ್ಷ ಕಂಪ್ಯೂಟರಿನದಾಯಿತು. ಭಾವನ ಸರ್ವೀಸಿನಲ್ಲಿ ನೆಮ್ಮದಿಯ ಕಾಲ ಅದು, ರಕ್ತದೊತ್ತಡ ನಾರ್ಮಲ್ ಇದ್ದದ್ದೂ ಆಗಲೇ.

ಅದೇ ಹೊತ್ತಿಗೆ ಪಂಪುಗಳು ಹೊರದೇಶಕ್ಕೆ ಹೋಗತೊಡಗಿದವು, ಭಾವನಿಗೆ ಕಂಟೇನರಿನ ಪರಿಚಯವಾಯಿತು. ಅಮೆರಿಕದಲ್ಲಿ ಲಾರಿ ಓಡಿಸಿ ಮೇಲೆ ಬಂದ ಮಾಲ್ಕಮ್ ಮೆಕ್‌ಲೀನ್ ಎಂಬಾತ 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿಟ್ಟು ನೆವಾರ್ಕಿನಿಂದ ಹೂಸ್ಟನ್ನಿಗೆ ಕಳಿಸಿದ. ಮೂಟೆ ಮೂಟೆ ಇಳಿಸಿ ಏರಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿಡುವುದು, ಇಷ್ಟೇ ಅವನ ಯೋಚನೆ. ಪ್ರಪಂಚದ ಬಂದರುಗಳೆಲ್ಲ ಆ ಪೆಟ್ಟಿಗೆಯ ಅಳತೆಗೆ ತಮ್ಮನ್ನು ಕತ್ತರಿಸಿಕೊಂಡವು. ಸಮುದ್ರವನ್ನೇ ಕಾಣದ ಬೆಂಗಳೂರಿಗೂ ಇದರಿಂದ ಬಂದರು ಸಿಕ್ಕಿತು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾದದ್ದು ನಮ್ಮೂರಿನಲ್ಲೇ. ಆಮೇಲೆ 1988ರಲ್ಲಿ ರೈಲ್ವೆಯ ಕಂಟೇನರ್ ಕಂಪನಿ ಕಾಂಕರ್ ಹುಟ್ಟಿತು, ವೈಟ್‌ಫೀಲ್ಡಿನಲ್ಲಿ ದೊಡ್ಡ ಡಿಪೋ ಬಂತು. ಕಸ್ಟಮ್ಸ್ ಇಲ್ಲೇ, ಸೀಲು ಇಲ್ಲೇ, ಮುಂದೆ ರೈಲಿನಲ್ಲಿ ಚೆನ್ನೈ. ಭಾವ ಮೊದಲ ಕಂಟೇನರ್ ತುಂಬುವಾಗ ಪಂಪಿನ ಪೆಟ್ಟಿಗೆಗಳ ನಡುವೆ ಅಂಗೈಯಗಲ ಸಂದಿ ಉಳಿದರೂ ಹಡಗಿನ ತೂಗಾಟಕ್ಕೆ ಎಲ್ಲ ಪುಡಿಯಾಗುತ್ತದೆ ಎಂದು ಯಾರೋ ಹೆದರಿಸಿದರಂತೆ. ಮರದ ಬೆಣೆ, ಹಳೆಯ ಟೈರು, ಗೋಣಿತಾಟು ಎಲ್ಲ ತುರುಕಿ ಬಾಗಿಲು ಹಾಕಿದರು. ಆಚೆ ದಡದಲ್ಲಿ ಬಿಚ್ಚಿದವರು ಪಂಪು ಚೆನ್ನಾಗಿ ತಲುಪಿದೆ, ಟೈರು ನಾವು ಆರ್ಡರ್ ಮಾಡಿರಲಿಲ್ಲ ಎಂದು ಟೆಲೆಕ್ಸ್ ಕಳಿಸಿದರು.

ಜರ್ಮನಿಯಲ್ಲಿ ಐ.ಬಿ.ಎಂ. ಬಿಟ್ಟುಬಂದ ಐದು ಜನ ಎಂಜಿನಿಯರುಗಳು 1972ರಲ್ಲಿ ಕಟ್ಟಿದ ಸ್ಯಾಪ್ ಕಂಪನಿಯ ಸಾಫ್ಟ್‌ವೇರ್ ಭಾವನ ಮೇಜಿಗೆ ಬಂದದ್ದು ಹೊಸ ಶತಮಾನದಲ್ಲಿ. ಅದರಲ್ಲಿ ಸಾಮಾನಿನ ಪ್ರತಿ ಚಲನೆಗೂ ಒಂದು ನಂಬರಿದೆ. ಸರಕು ಒಳಗೆ ಬಂದರೆ 101. ಅದನ್ನು ರದ್ದು ಮಾಡಿದರೆ 102. ಮಾರಿದವನಿಗೆ ವಾಪಸು ಕಳಿಸಿದರೆ 122. ಪ್ರೊಡಕ್ಷನ್ನಿಗೆ ಕೊಟ್ಟರೆ 261. ಡಿಪ್ಲೊಮಾ ಓದಿದ ಮನುಷ್ಯ, ನಲವತ್ತರ ಆಚೆಯ ವಯಸ್ಸು, ರಾತ್ರಿ ಊಟವಾದ ಮೇಲೆ ಈ ನಂಬರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು, ಮಗ ಒಪ್ಪಿಸಿಕೊಳ್ಳುತ್ತಿದ್ದ. ಕಲಿತದ್ದು ಮನೆಗೂ ಇಳಿಯಿತು. ಊರಿಂದ ಮಾವಿನಹಣ್ಣಿನ ಬುಟ್ಟಿ ಬಂದರೆ "101 ಆಯ್ತಾ?" ಎನ್ನುವರು. ಪಕ್ಕದ ಮನೆಯ ಪಾತ್ರೆ ವಾಪಸು ಹೋಗದಿದ್ದರೆ "122 ಪೆಂಡಿಂಗ್ ಇದೆ." ಅಕ್ಕ ಕೊನೆಗೆ ತಾನೂ ಕಲಿತಳು. ಇವರ ಕಡೆಯ ನೆಂಟರೊಬ್ಬರು ಬಂದು ವಾರ ಕಳೆದರೂ ಹೊರಡುವ ಸೂಚನೆ ಕಾಣದಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಇದಕ್ಕೆ 102 ಹಾಕಕ್ಕಾಗುತ್ತಾ?" ಎಂದು ಕೇಳಿದಳು.

ಸ್ಯಾಪ್ ಬಂದದ್ದೇ ಬಂದದ್ದು, ಭಾವನ ಸುಖದ ದಿನ ಮುಗಿಯಿತು. ಯಾರು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಕೀ ಒತ್ತಿದರು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನ ತಪ್ಪು ಎನ್ನುವ ಹಾಗಿಲ್ಲ. 'ಯೂಸರ್ ಎರರ್' ಎಂಬ ಹೆಸರಿನಲ್ಲಿ ತಪ್ಪು ಪುನಃ ಸ್ಟೋರ್‌ಕೀಪರನ ಮನೆಗೇ ಬಂತು.

ಬಾರ್‌ಕೋಡು ಅದಕ್ಕೂ ಪರಿಹಾರ ಎಂದರು. ಮನುಷ್ಯ ನಂಬರು ಒತ್ತುವುದೇ ಬೇಡ, ಗೆರೆಗಳನ್ನು ಯಂತ್ರ ಓದುತ್ತದೆ. ನಾರ್ಮನ್ ವುಡ್‌ಲ್ಯಾಂಡ್ ಎಂಬಾತ ಮಯಾಮಿಯ ಸಮುದ್ರದಂಡೆಯಲ್ಲಿ ಕೂತು ಮೋರ್ಸ್ ಸಂಕೇತದ ಚುಕ್ಕಿ-ಅಡ್ಡಗೆರೆಗಳನ್ನು ಬೆರಳಿನಿಂದ ಮರಳಿನಲ್ಲಿ ಕೆಳಕ್ಕೆಳೆದಾಗ ಹೊಳೆದ ಉಪಾಯ ಅದು. 1952ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಯಲ್ಲಿ ಮೊದಲ ಸರಕು ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಆ ಸರಕು ಒಂದು ಪೊಟ್ಟಣ ಚ್ಯೂಯಿಂಗ್ ಗಮ್. ಭಾವನ ಸ್ಟೋರ್ಸಿನಲ್ಲಿ ರ‍್ಯಾಕುಗಳಿಗೆಲ್ಲ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿ ಮುಗಿದಾಗ ಆಯುಧಪೂಜೆ ಹತ್ತಿರವಿತ್ತು. ಪೀಣ್ಯದ ಆಯುಧಪೂಜೆ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಫೋರ್ಕ್‌ಲಿಫ್ಟಿಗೆ ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು, ಗೇಟಿನಲ್ಲಿ ಬೂದುಗುಂಬಳ. ಹುಡುಗರು ಭಕ್ತಿಯಿಂದ ಪ್ರತಿ ರ‍್ಯಾಕಿಗೂ ವಿಭೂತಿ ಬಳಿದು ಕುಂಕುಮ ಇಟ್ಟರು. ಎಲ್ಲಿಟ್ಟರು? ಬೆಳ್ಳಗೆ ಎದ್ದು ಕಾಣುತ್ತಿದ್ದ ಸ್ಟಿಕ್ಕರಿನ ಮೇಲೆಯೇ. ಮಾರನೆಯ ವಾರ ಸ್ಕ್ಯಾನರಿಗೆ ಒಂದೂ ಓದಲು ಬರಲಿಲ್ಲ. ಚೆನ್ನೈನಿಂದ ಬಂದ ಸಾಫ್ಟ್‌ವೇರ್ ಹುಡುಗ ದೋಷವರದಿಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಕೇಳಿದ. ದೇವರ ಮೇಲೆ ತಪ್ಪು ಹೊರಿಸಲು ಯಾರೂ ಒಪ್ಪಲಿಲ್ಲ. 'ಪರಿಸರದ ಧೂಳು' ಎಂದು ಬರೆಸಿದರು.

ಬಿಡದಿಯಲ್ಲಿ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಬಂದ ಮೇಲೆ ಬೆಂಗಳೂರಿನ ಕಾರ್ಖಾನೆಗಳಲ್ಲೆಲ್ಲ ಜಪಾನೀ ಗಾಳಿ. ಟೊಯೋಟಾದ ತೈಚಿ ಓನೋ ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಪದ್ಧತಿಯಿಂದ ಕಾನ್‌ಬಾನ್ ಕಾರ್ಡಿನ ಪಾಠ ಕಲಿತರು, ಬೇಕಾದದ್ದು ಬೇಕಾದಾಗ ಬೇಕಾದಷ್ಟು ಮಾತ್ರ ಬರಬೇಕು, ಸ್ಟಾಕು ಎಂದರೆ ಕಟ್ಟಿಹಾಕಿದ ದುಡ್ಡು, ಎಂದು ಸಲಹೆಗಾರರು ಬೋಧಿಸಿದರು. ಇಡೀ ಆಯಸ್ಸು ಸ್ಟಾಕು ಕಾಯ್ದವನಿಗೆ ಸ್ಟಾಕೇ ಪಾಪವೆಂದರೆ ಹೇಗಾಗಬೇಕು? ಭಾವ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರಂತೆ. "ಸಾರ್, ಓನೋ ಸಾಹೇಬರು ಗೊರಗುಂಟೆಪಾಳ್ಯದ ಸಿಗ್ನಲ್ ನೋಡಿದ್ರಾ?"

ಕೇಳಿದ್ದು ಚೆನ್ನಾಗಿತ್ತು. ಆದರೆ ಭಾವ ಅಷ್ಟಕ್ಕೆ ನಿಲ್ಲಲಿಲ್ಲ. ಕಂಪನಿಯ ಲೆಕ್ಕಕ್ಕೆ ಸಿಗದ ಹಾಗೆ ಒಂದು ಹಳೆಯ ಬೀರುವಿನಲ್ಲಿ ಸಿಗುವುದು ಕಷ್ಟವಾದ ಓ-ರಿಂಗು, ಸೀಲುಗಳನ್ನು ಕೂಡಿಟ್ಟರು, ಬೀಗದಕೈ ತಮ್ಮ ಜೇಬಿನಲ್ಲಿಟ್ಟರು. ಒಟ್ಟಿನಲ್ಲಿ ಯಜಮಾನರಾದರು. 2021ರ ಮಾರ್ಚ್ 23ರಂದು ನಾನೂರು ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಹಾಕಿಕೊಂಡು ಆರು ದಿನ ಪ್ರಪಂಚದ ವ್ಯಾಪಾರವನ್ನು ನಿಲ್ಲಿಸಿತಲ್ಲ, ಆಗ ಯುರೋಪಿನಿಂದ ಬರಬೇಕಿದ್ದ ಸೀಲುಗಳು ಬರಲಿಲ್ಲ. ಕಾರ್ಖಾನೆ ತತ್ತರಿಸಿತು. ಭಾವನ ಗಳಿಗೆ ಬಂದೇ ಬಂತು. ಎಲ್ಲರನ್ನೂ ಕರೆದು ಬೀರು ತೆಗೆದರು. ಒಳಗಿದ್ದ ಓ-ರಿಂಗುಗಳು ಕಲ್ಲಿನಂತೆ ಗಟ್ಟಿಯಾಗಿ ಸೀಳಿಹೋಗಿದ್ದವು. ರಬ್ಬರಿಗೂ ಆಯುಷ್ಯವಿದೆ, ಪೊಟ್ಟಣದ ಮೇಲೆ ತಾರೀಖು ಅಚ್ಚಾಗಿರುತ್ತದೆ, ಭಾವನೇ ಎಷ್ಟೋ ಜನರಿಗೆ ಅದನ್ನು ಓದಲು ಕಲಿಸಿದ್ದರು. ಇದನ್ನು ನನಗೆ ಹೇಳಿದವರು ಅವರಲ್ಲ, ಅಕ್ಕ.

ಆ ವರ್ಷದ ಮೇ ಕೊನೆಗೆ ನಿವೃತ್ತಿ. ಹೊರಗೆ ಲಾಕ್‌ಡೌನ್. ಬೀಳ್ಕೊಡುಗೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಮೈಸೂರು ಪೇಟ, ಶಾಲು, ಗಂಧದ ಹಾರವನ್ನು ಕೊರಿಯರಿನಲ್ಲಿ ಕಳಿಸಿದ್ದೇವೆ, ಹಾಕಿಕೊಂಡು ಕೂತುಕೊಳ್ಳಿ ಎಂದು ಎಚ್.ಆರ್. ಹುಡುಗಿ ಹೇಳಿದ್ದಳು. ಎಂ.ಡಿ. ಭಾಷಣ ಶುರುಮಾಡಿದರು, ಹಾರ ಬರಲಿಲ್ಲ. ಮೊಬೈಲಿನಲ್ಲಿ 'ತಲುಪಿಸಲಾಗಿದೆ' ಎಂದೇ ಇತ್ತು. ಮೂವತ್ತೆಂಟು ವರ್ಷ ಸಾಮಾನು ಹುಡುಕಿದ ಮನುಷ್ಯ ತನ್ನ ಸನ್ಮಾನದ ಹಾರ ಎಲ್ಲಿದೆಯೆಂದು ತಿಳಿಯದೆ ಬರೀ ಕುತ್ತಿಗೆಯಲ್ಲಿ ಕೂತು ನಕ್ಕರು. ಎರಡು ದಿನದ ಮೇಲೆ ಅದು ಹಿಂದಿನ ಬೀದಿಯ ಅದೇ ನಂಬರಿನ ಮನೆಯಲ್ಲಿ ಸಿಕ್ಕಿತು. ಆ ಮನೆಯವರು ಪೇಟವನ್ನು ಒಮ್ಮೆ ಹಾಕಿ ನೋಡಿದಂತಿತ್ತು.

ಇತ್ತೀಚೆಗೆ ಒಂದು ಸಂಜೆ ಕಾಫಿ ಕುಡಿಯುತ್ತಾ ಕೇಳಿದೆ. "ಭಾವ, ಇಷ್ಟೆಲ್ಲ ನೋಡಿದ್ರಲ್ಲ. ಕಂಪ್ಯೂಟರು, ಸ್ಯಾಪು, ಬಾರ್‌ಕೋಡು, ಜಿ.ಪಿ.ಎಸ್ಸು. ನಿಜವಾಗಿ ಉಪಕಾರ ಮಾಡಿದ್ದು ಯಾವುದು?"

ಅವರು ಯೋಚಿಸಲೇ ಇಲ್ಲ. "ಹ್ಯಾಂಡ್ ಪ್ಯಾಲೆಟ್ ಟ್ರಕ್" ಎಂದರು.

ನೀವು ನೋಡಿರುತ್ತೀರಿ, ಹೆಸರು ಗೊತ್ತಿರುವುದಿಲ್ಲ. ಎರಡು ಕಬ್ಬಿಣದ ನಾಲಿಗೆ, ಹಿಂದೆ ಒಂದು ಹಿಡಿ, ಕೆಳಗೆ ಸಣ್ಣ ಚಕ್ರ. ಮರದ ಹಲಗೆಯ ಕೆಳಗೆ ನಾಲಿಗೆ ತೂರಿಸಿ ಹಿಡಿಯನ್ನು ನಾಲ್ಕೈದು ಸಲ ಒತ್ತಿದರೆ ಹೈಡ್ರಾಲಿಕ್ ಜಾಕು ಎರಡು ಟನ್ ಭಾರವನ್ನು ನೆಲದಿಂದ ಮೇಲಕ್ಕೆತ್ತುತ್ತದೆ. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ. ಅದು ಬರುವ ಮೊದಲು ಲಾರಿಯಿಂದ ಕಾಸ್ಟಿಂಗ್ ಇಳಿಸುತ್ತಿದ್ದವರು ಹಮಾಲಿಗಳು, ತಲೆಗೆ ಸಿಂಬಿ ಸುತ್ತಿಕೊಂಡು, ಒಂದು ಹಲಗೆಯ ಮೇಲೆ ಇಳಿಜಾರಾಗಿ. ನಲವತ್ತೈದಕ್ಕೆಲ್ಲ ಸೊಂಟ ಹೋಗಿರುತ್ತಿತ್ತು. ಅವರ ಮೇಸ್ತ್ರಿ ಬಾಗಿದವನು ಬಾಗಿಯೇ ಉಳಿದು, ಕೊನೆಗೆ ಗೇಟಿನಲ್ಲಿ ಚೀಟಿ ಹರಿಯುವ ಕೆಲಸಕ್ಕೆ ಸೇರಿಕೊಂಡ. ಒಬ್ಬನ ಭಾರವನ್ನು ಇನ್ನೊಬ್ಬನ ಮೇಲೆ ಹಾಕದೆ ನಿಜವಾಗಿ ಇಳಿಸಿದ್ದು ಅದೊಂದೇ, ಮಿಕ್ಕಿದ್ದೆಲ್ಲ ತಪ್ಪನ್ನು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಸಾಗಿಸಿದವು, ಅದೂ ಲಾಜಿಸ್ಟಿಕ್ಸೇ ಬಿಡು ಎಂದರು ಭಾವ. ನನ್ನ ಸಂಶಯವನ್ನು ಅವರು ಒಪ್ಪಿಕೊಂಡದ್ದು ಅವತ್ತೇ ಮೊದಲು.

ಸೆಮಿನಾರುಗಳಲ್ಲಿ ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿನ ಮೇಲೆ ಯಾರೂ ಪ್ರಬಂಧ ಓದುವುದಿಲ್ಲ, ಅದಕ್ಕೆ ಹೊಸ ಆವೃತ್ತಿಯೂ ಬರುವುದಿಲ್ಲ. ಆದರೂ ಭಾವನ ತೀರ್ಪು ಅದೇ. ನನ್ನ ವೋಟೂ ಅದಕ್ಕೇ.